ಕೇಳಿ, ಹೇಳ್ತೀನಿ: ಸೋಲಾರ್‌ಗೆ ಫಾರಿನ್ ದುಡ್ಡು ಬರುತ್ತಂತಲ್ಲ, ಅದು ಎಲ್ಲೋಯ್ತು?

ಹೋದ ಸಂಚಿಕೇಲಿ ಮನೆ ಮೇಲೆ ಸೋಲಾರ್ ಹಾಕ್ಸೋ ಬಗ್ಗೆ ಬರೀತಾ "ಇದರಲ್ಲಿ ಹೊರದೇಶದ ದುಡ್ಡೂ ಸೇರಿರುತ್ತೆ ಬಿಡಿ" ಅಂತ ಒಂದು ಮಾತು ಆಡ್ಬಿಟ್ಟೆ. ಅಷ್ಟೇ ಸಾಕಾಯ್ತು ನೋಡಿ, ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದೇ, ಯಾರ ದುಡ್ಡು, ಎಷ್ಟು ದುಡ್ಡು, ನಮಗ್ಯಾಕೆ ಬರ್ಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಇಟ್ಟಿದ್ದೀನಿ, ಪಿಎಫ್, ವಿಲ್, ನಾಮಿನೇಷನ್ ಕೇಳಿದವರು ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾನು ಕರೆಂಟಿನ ಎಂಜಿನಿಯರ್ ಅಲ್ಲ, ಹಳ್ಳಿ ಬ್ರಾಂಚ್‌ಗಳಲ್ಲಿ ಕೂತು ಸಾಲ ಕೊಟ್ಟು ವಸೂಲಿ ಮಾಡಿ ರಿಟೈರ್ ಆದವನು, ಎಲ್ಲದನ್ನೂ ಸಾಲದ ಕಣ್ಣಲ್ಲೇ ನೋಡೋ ಚಟ ಹೋಗಿಲ್ಲ.

ಪ್ರಶ್ನೆ: ಸಾರ್, ವಿಶ್ವಬ್ಯಾಂಕ್ ನೂರು ಮಿಲಿಯನ್ ಡಾಲರ್ ಕೊಡ್ತು, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಇನ್ನೂರು ಮಿಲಿಯನ್ ಕೊಡ್ತು ಅಂತ ಪೇಪರಲ್ಲಿ ಬರ್ತಾನೇ ಇರುತ್ತೆ. ಇದೆಲ್ಲ ದಾನಾನಾ? ದಾನ ಆದ್ರೆ ನಮ್ಮ ಕರೆಂಟ್ ಬಿಲ್ ಯಾಕೆ ಇಳೀಲಿಲ್ಲ? (ತಿಪಟೂರಿನ ಓದುಗರು)

ಉತ್ತರ: ದಾನ ಅಲ್ಲ ಸಾರ್, ಸಾಲ. ಪೇಪರ್‌ನೋರು "ನೆರವು" ಅಂತ ಹೆಡ್ಡಿಂಗ್ ಹಾಕ್ತಾರೆ, ಅಲ್ಲೇ ಎಲ್ಲ ಗೊಂದಲ ಶುರುವಾಗೋದು. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಹವಾಮಾನದ ಹೆಸರಲ್ಲಿ 2022ರಲ್ಲಿ 115.9 ಬಿಲಿಯನ್ ಡಾಲರ್ ಒದಗಿಸಿದ್ವು ಅಂತ ಆ ದೇಶಗಳದ್ದೇ ಸಂಸ್ಥೆ ಒಇಸಿಡಿ ಲೆಕ್ಕ ಕೊಟ್ಟಿದೆ. ಅದರಲ್ಲಿ ಸರ್ಕಾರಿ ದುಡ್ಡು ಅಂತ ಏನಿದೆಯೋ ಅದರ 69% ಸಾಲ, ಅನುದಾನ ಅನ್ನೋದು 28% ಅಷ್ಟೇ. ಆ ಅನುದಾನಾನೂ ಹೆಚ್ಚಾಗಿ ತೀರಾ ಬಡ ದೇಶಗಳ ಕಡೆ ಹೋಗುತ್ತೆ, ನಾವು ಆ ಲಿಸ್ಟಲ್ಲಿಲ್ಲ, ವಿಶ್ವಬ್ಯಾಂಕಿನ ಅಗ್ಗದ ಸಾಲದ ಕಿಟಕಿಯಿಂದ 2014ರಲ್ಲೇ ನಮ್ಮನ್ನ ಪಾಸ್ ಮಾಡಿ ಆಚೆ ಕಳ್ಸಿದ್ದಾರೆ.

ಒಂದು ಉದಾಹರಣೆ ಬಿಚ್ಚಿ ತೋರಿಸ್ತೀನಿ. 2017ರಲ್ಲಿ ಸೋಲಾರ್ ಪಾರ್ಕ್‌ಗಳಿಗೆ ಅಂತ ವಿಶ್ವಬ್ಯಾಂಕ್ ಜೊತೆ 10 ಕೋಟಿ ಡಾಲರ್‌ನ ಒಪ್ಪಂದ ಆಯ್ತು. ಅದರ ಒಳಗಡೆ ಏನಿದೆ ನೋಡಿ, 7.5 ಕೋಟಿ ವಿಶ್ವಬ್ಯಾಂಕಿನದ್ದೇ ಸಾಲ, 2.3 ಕೋಟಿ ಕ್ಲೀನ್ ಟೆಕ್ನಾಲಜಿ ಫಂಡ್ ಅನ್ನೋ ನಿಧಿಯಿಂದ, ಅದೂ ಸಾಲಾನೇ, ಬಡ್ಡಿ ಮಾತ್ರ ಕಮ್ಮಿ, ಇನ್ನುಳಿದ 20 ಲಕ್ಷ ಡಾಲರ್ ಮಾತ್ರ ವಾಪಸ್ ಕೊಡೋ ಹಾಗಿಲ್ಲದ ದುಡ್ಡು. ನೂರು ರೂಪಾಯಲ್ಲಿ ಎರಡು ರೂಪಾಯಿ! ಸಾಲ ತಗೊಂಡಿದ್ದು ಇರೆಡಾ, ಸೋಲಾರ್, ಗಾಳಿ ಥರದ ಕರೆಂಟಿಗೆ ಸಾಲ ಕೊಡೋಕೆ ಅಂತ 1987ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಂಸ್ಥೆ, ಜಾಮೀನು ಭಾರತ ಸರ್ಕಾರದ್ದು. ಆ ದುಡ್ಡಲ್ಲಿ ಪ್ಯಾನೆಲ್ ತಗೊಳ್ಳೋದೂ ಅಲ್ಲ, ಪಾರ್ಕಿನ ಒಳಗಿನ ರೋಡು, ಸಬ್‌ಸ್ಟೇಷನ್, ಲೈನು, ಇಂಥದ್ದಕ್ಕೆ, ಅಂದ್ರೆ ಸೈಟ್ ಮಾಡೋನು ಮೊದಲು ಚರಂಡಿ, ನೀರು, ಕರೆಂಟ್ ಕಂಬ ಹಾಕಿ ಆಮೇಲೆ ಸೈಟ್ ಮಾರ್ತಾನಲ್ಲ ಆ ಥರ.

ಇದರಿಂದ ಉಪಯೋಗ ಆಗ್ಲಿಲ್ವಾ ಅಂದ್ರೆ, ಆಯ್ತು, ಅದನ್ನೂ ಹೇಳ್ಬೇಕು. ಈ ಸಾಲ ಮೊದಲು ಹೋಗಿದ್ದು ಮಧ್ಯಪ್ರದೇಶದ ರೇವಾ ಪಾರ್ಕ್‌ಗೆ, 750 ಮೆಗಾವಾಟ್. 2017ರ ಫೆಬ್ರವರೀಲಿ ಅಲ್ಲಿ ಹರಾಜು ನಡೆದಾಗ ಮೊದಲ ವರ್ಷದ ರೇಟು ಯೂನಿಟ್‌ಗೆ 2 ರೂಪಾಯಿ 97 ಪೈಸೆಗೆ ಬಂತು, ಇಪ್ಪತ್ತೈದು ವರ್ಷಕ್ಕೆ ಸರಾಸರಿ ಹಾಕಿದ್ರೆ 3.30. ಒಂದೇ ವರ್ಷ ಮುಂಚೆ ರಾಜಸ್ಥಾನದಲ್ಲಿ 4.34 ಬಂದಿದ್ದಕ್ಕೇ ದೊಡ್ಡ ರೆಕಾರ್ಡ್ ಅಂತ ಕುಣಿದಿದ್ರು. ಇಷ್ಟು ಇಳಿಯೋಕೆ ಪ್ಯಾನೆಲ್ ರೇಟ್ ಬಿದ್ದಿದ್ದು ಒಂದು ಕಾರಣ, ಇನ್ನೊಂದು ಕಾರಣ ನಮ್ಮಂಥ ಬ್ಯಾಂಕಿನವರಿಗೆ ಬೇಗ ಅರ್ಥ ಆಗುತ್ತೆ, ಕರೆಂಟ್ ತಗೊಂಡೋರು ದುಡ್ಡು ಕೊಡ್ಲಿಲ್ಲ ಅಂದ್ರೆ ಏನ್ ಗತಿ ಅನ್ನೋ ಪ್ರಶ್ನೆಗೆ ಅಲ್ಲಿ ಮೊದಲೇ ಉತ್ತರ ಇತ್ತು. ದುಡ್ಡು ತಡ ಆದ್ರೆ ಅಂತ ಬೇರೆ ಒಂದು ನಿಧಿ ಎತ್ತಿಟ್ಟಿದ್ರು, ಅದೂ ಸಾಲದಿದ್ರೆ ರಾಜ್ಯ ಸರ್ಕಾರದ ಗ್ಯಾರಂಟಿ (ನಮ್ಮ ಐದು ಗ್ಯಾರಂಟಿ ಅಲ್ಲ, ಜಾಮೀನು ಅನ್ನೋ ಅರ್ಥದ ಗ್ಯಾರಂಟಿ), ಮೇಲಾಗಿ ಕಾಲುಭಾಗದ ಹತ್ತಿರ ಕರೆಂಟ್ ತಗೊಳ್ಳೋಕೆ ದೆಹಲಿ ಮೆಟ್ರೋ ರೆಡಿ ಇತ್ತು. ಗಿರಾಕಿ ಗಟ್ಟಿ ಇದ್ದಾನೆ ಅಂತ ಗೊತ್ತಾದ್ರೆ ಸಾಲ ಕೊಡೋನು ಬಡ್ಡಿ ಇಳಿಸ್ತಾನೆ, ಬಡ್ಡಿ ಇಳಿದ್ರೆ ಸೋಲಾರ್ ರೇಟ್ ಇಳಿಯುತ್ತೆ. ಸೋಲಾರ್‌ಗೆ ಕಲ್ಲಿದ್ದಲು ತರಿಸೋ ಖರ್ಚಿಲ್ಲ, ಖರ್ಚೆಲ್ಲ ಮೊದಲ ದಿನಾನೇ, ಹಾಗಾಗಿ ಅದರ ರೇಟಲ್ಲಿ ದೊಡ್ಡ ಪಾಲು ಬಡ್ಡೀದೇ.

ಇನ್ನು ನಿಮ್ಮ ಬಿಲ್ಲು. ಅದರಲ್ಲಿ ಹಳೇ ಥರ್ಮಲ್ ಪ್ಲಾಂಟ್‌ಗಳ ಖರ್ಚು, ಲೈನಲ್ಲಿ ಸೋರಿ ಹೋಗೋದು, ಬಾಕಿ ಸಾಲ ಎಲ್ಲ ಕೂತಿರುತ್ತೆ ಸಾರ್, ಸೋಲಾರ್ ಒಂದು ಅಗ್ಗ ಆದ ಮಾತ್ರಕ್ಕೆ ಇಳಿಯೋ ಜಾತಿ ಅಲ್ಲ ಅದು.

ಪ್ರಶ್ನೆ: ನಮ್ಮ ಕಡೆ ಜಮೀನು ಸೋಲಾರ್ ಪಾರ್ಕಿಗೆ ಕೊಟ್ಟಿದ್ದೀವಿ. ಎಕರೆಗೆ 21 ಸಾವಿರ. ಒಳಗೆ ಫಾರಿನ್ ಕಂಪನಿಗಳೂ ಇವೆ, ಅವರು ಎಷ್ಟು ದುಡೀತಾರೆ ನಮಗೆ ಎಷ್ಟು ಕೊಡ್ತಾರೆ, ನಾವು ಮೋಸ ಹೋದ್ವಾ? (ಪಾವಗಡ ತಾಲ್ಲೂಕಿನ ರೈತರು)

ಉತ್ತರ: ಮೋಸ ಅನ್ನಲ್ಲ ನಾನು, ಆದ್ರೆ ಅಗ್ರಿಮೆಂಟ್ ಮಾಡ್ಕೊಳ್ಳೋವಾಗ ಬಡ್ಡಿ ಲೆಕ್ಕ ಗೊತ್ತಿರೋರು ನಿಮ್ಮ ಪಕ್ಕ ಯಾರೂ ಕೂತಿರ್ಲಿಲ್ಲ ಅಂತ ಮಾತ್ರ ಅನ್ನಿಸುತ್ತೆ. ಓದುಗರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರಿನ 13,000 ಎಕರೆಯಲ್ಲಿ ಪಾರ್ಕ್ ಇದೆ, 2018ರ ಮಾರ್ಚಲ್ಲಿ ಉದ್ಘಾಟನೆ, 2019ರ ಕೊನೇಲಿ ಪೂರ್ತಿಯಾಯ್ತು, 2,050 ಮೆಗಾವಾಟ್. ಅಲ್ಲಿ ಜಮೀನು ಕೊಂಡ್ಕೊಳ್ಲಿಲ್ಲ, 28 ವರ್ಷಕ್ಕೆ ಗುತ್ತಿಗೆ ತಗೊಂಡ್ರು, ಇದು ಒಳ್ಳೇ ಕೆಲಸ, ಪಹಣಿ ಇವತ್ತೂ ನಿಮ್ಮ ಹೆಸರಲ್ಲೇ ಇದೆ. ಮಳೆ ಬಂದ್ರೆ ಶೇಂಗಾ, ಇಲ್ಲಾಂದ್ರೆ ಬೆಂಗಳೂರು ಬಸ್ಸು ಅನ್ನೋ ಹಾಗಿದ್ದ ಊರಲ್ಲಿ ವರ್ಷಕ್ಕೆ ಎಕರೆಗೆ 21,000 ಗ್ಯಾರಂಟಿ ಅಂದ್ರೆ ಯಾರಾದ್ರೂ ಸೈನ್ ಹಾಕ್ತಾರೆ, ನಾನೂ ಹಾಕ್ತಿದ್ದೆ.

ಎಡವಟ್ಟಾಗಿರೋದು ಗುತ್ತಿಗೆ ದುಡ್ಡಿನ ಏರಿಕೇಲಿ. ಎರಡು ವರ್ಷಕ್ಕೊಮ್ಮೆ 5% ಅಂದ್ರೆ ವರ್ಷಕ್ಕೆ ಎರಡೂವರೆನೂ ಬೀಳಲ್ಲ. ಕ್ಯಾಲ್ಕುಲೇಟರ್ ಹಿಡ್ದು ನೋಡಿ, 28 ವರ್ಷದಲ್ಲಿ ಹದಿಮೂರು ಸಲ ಏರಿದ್ರೂ ಕೊನೆಗೆ ಸಿಗೋದು 39,600ರ ಹತ್ರ. ಈಗ ನೀವು ಅಂಗಡೀಲಿ ತೊಗರಿಬೇಳೆ ತಗೊಳ್ಳೋ ರೇಟು ಹತ್ತು ವರ್ಷದ ಹಿಂದೆ ಎಷ್ಟಿತ್ತು ನೆನಪಿಸ್ಕೊಳ್ಳಿ, ಆಮೇಲೆ ಈ ನಂಬರ್ ನೋಡಿ. ಫಿನ್‌ಲ್ಯಾಂಡಿನ ಫೋರ್ಟಮ್ ಥರದ ಕಂಪನಿ ಅಲ್ಲಿಗೆ ಬಂದಿದ್ದು ದಾನ ಮಾಡೋಕಲ್ಲ, ಬಂಡವಾಳ ಹಾಕೋಕೆ, ಅವರು ಬರೋ ಮುಂಚೆ ಇಪ್ಪತ್ತೈದು ವರ್ಷದ ಲೆಕ್ಕ ಹಾಕಿ, ಡಾಲರ್ ಏರಿಳಿತ ಎಲ್ಲ ಸೇರಿಸಿ ಬರ್ತಾರೆ, ಅದು ತಪ್ಪಲ್ಲ. ನಿಮ್ಮ ಕಡೆಯಿಂದಾನೂ ಅದೇ ಲೆಕ್ಕ ಹಾಕೋರು ಇರ್ಬೇಕಿತ್ತು ಅಷ್ಟೇ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಜಮೀನಿದ್ದ ನಿಮಗೆ ಗುತ್ತಿಗೆ ದುಡ್ಡಾದ್ರೂ ಬರುತ್ತೆ, ನಿಮ್ಮ ಹೊಲದಲ್ಲಿ ಕಳೆ ಕಿತ್ತು ಶೇಂಗಾ ಬಿಡಿಸ್ತಿದ್ದ ಕೂಲಿಯವರಿಗೆ, ಆ ಬಯಲಲ್ಲಿ ಕುರಿ ಮೇಯಿಸ್ತಿದ್ದವರಿಗೆ ಏನೂ ಬರ್ಲಿಲ್ಲ. ಅವರ ಹೆಸರಲ್ಲಿ ಪಹಣಿ ಇಲ್ಲವಲ್ಲ. ಪ್ಯಾನೆಲ್ ಒರೆಸೋದು, ಹುಲ್ಲು ಕತ್ತರಿಸೋದು, ಸೆಕ್ಯುರಿಟಿ ಕೆಲಸ, ಇವು ಎಲ್ಲರಿಗೂ ಸಾಲೋ ಅಷ್ಟಿಲ್ಲ. ಹೊರಗಿನ ಸಾಲ ಬಂದ ಯೋಜನೆಗಳಲ್ಲಿ ಜನಜೀವನದ ಮೇಲೆ ಆಗೋ ಪರಿಣಾಮ ಅಂತ ದಪ್ಪ ರಿಪೋರ್ಟ್ ಮಾಡಿಸ್ತಾರೆ, ಅಂಥದ್ದೆಲ್ಲ ಇಂಗ್ಲಿಷಲ್ಲಿರುತ್ತೆ, ಕುರಿ ಕಾಯೋನು ಓದಿ ತಕರಾರು ಹಾಕೋ ಹಾಗಿರಲ್ಲ.

ಪ್ರಶ್ನೆ: 2004ರಲ್ಲಿ ನಮ್ಮ ಅಪ್ಪ ಬ್ಯಾಂಕ್ ಸಾಲ ಮಾಡಿ ಮನೆಗೆ ನಾಲ್ಕು ಸೋಲಾರ್ ದೀಪ ಹಾಕ್ಸಿದ್ರು, ಬಡ್ಡಿ ತುಂಬ ಕಮ್ಮಿ ಇತ್ತು. ಅದು ವಿಶ್ವಸಂಸ್ಥೆ ದುಡ್ಡು ಅಂತ ಅಪ್ಪ ಹೇಳ್ತಿದ್ರು, ನಾವು ನಗಾಡ್ತಿದ್ವಿ. ನಿಜಾನಾ? (ಸಿದ್ದಾಪುರ ಕಡೆಯ ಓದುಗರು)

ಉತ್ತರ: ನಿಮ್ಮ ಅಪ್ಪ ಹೇಳಿದ್ದು ನಿಜ, ಹೋಗಿ ಹೇಳಿ ಅವರಿಗೆ. ಈ ಪ್ರಶ್ನೆ ಓದಿ ನನಗೆ ಖುಷಿಯಾಗಿ ಹೋಯ್ತು ಯಾಕಂದ್ರೆ ಆ ಅರ್ಜಿ ಫಾರಂಗಳನ್ನ ತುಂಬಿಸ್ಕೊಂಡವರಲ್ಲಿ ನಾನೂ ಒಬ್ಬ.

ವಿಶ್ವಸಂಸ್ಥೆಯ ಪರಿಸರ ವಿಭಾಗ ಯುಎನ್‌ಇಪಿ ಅಂತಿದೆ, ಅದು 2003ರಲ್ಲಿ ಕೆನರಾ ಬ್ಯಾಂಕ್ ಮತ್ತೆ ಸಿಂಡಿಕೇಟ್ ಬ್ಯಾಂಕ್ ಜೊತೆ ಸೇರಿ ಒಂದು ಸೋಲಾರ್ ಸಾಲದ ಕಾರ್ಯಕ್ರಮ ಶುರುಮಾಡ್ತು. ಒಂದು ಮಂಗಳೂರಲ್ಲಿ ಹುಟ್ಟಿದ್ದು, ಒಂದು ಉಡುಪೀಲಿ ಹುಟ್ಟಿದ್ದು, 2020ರಲ್ಲಿ ಎರಡೂ ಒಂದೇ ಆಗೋದ್ವು, ಅದು ಬೇರೆ ಕತೆ. ಮೂರು ವರ್ಷದಲ್ಲಿ ಸುಮಾರು 2,000 ಬ್ರಾಂಚ್‌ಗಳ ಮೂಲಕ 16,000ಕ್ಕೂ ಹೆಚ್ಚು ಮನೆಗೆ ಸೋಲಾರ್ ದೀಪ ಬಂತು. ಇದರ ಚಂದ ಇರೋದು ಎಲ್ಲಿ ಗೊತ್ತಾ, ವಿಶ್ವಸಂಸ್ಥೆಯೋರು ಪ್ಯಾನೆಲ್ ಹಂಚಲಿಲ್ಲ, ಸಾಲದ ಅಸಲನ್ನೂ ಕೊಡ್ಲಿಲ್ಲ. ಅಸಲು ಬ್ಯಾಂಕಿಂದೇ, ಅವರು ಬಡ್ಡೀಲಿ ಒಂದು ಪಾಲು ತಾವು ಹೊತ್ಕೊಂಡ್ರು, ಅದನ್ನೂ ಬರ್ತಾ ಬರ್ತಾ ಕಮ್ಮಿ ಮಾಡಿ ಕೊನೆಗೆ ನಿಲ್ಲಿಸಿದ್ರು.

ಲೆಕ್ಕ ಹಾಕಿ ನೋಡೋಣ. 15,000 ರೂಪಾಯಿ ಸಾಲ, ಐದು ವರ್ಷ. 12% ಬಡ್ಡಿ ಆದ್ರೆ ತಿಂಗಳಿಗೆ 334 ಕಟ್ಬೇಕು, 5% ಆದ್ರೆ 283. ವ್ಯತ್ಯಾಸ ಐವತ್ತು ರೂಪಾಯಿ. ಐದು ವರ್ಷಕ್ಕೆ ಸುಮಾರು 3,000. ಅಂದ್ರೆ ಮೂರು ಸಾವಿರ ಹೊರಗಿನ ದುಡ್ಡು ಹದಿನೈದು ಸಾವಿರ ನಮ್ಮ ಊರಿನದೇ ಡೆಪಾಸಿಟ್ ದುಡ್ಡನ್ನ ಹೊರಗೆಳೀತು, ಬೇರೆಯವರು ಸೀಮೆಎಣ್ಣೆಗೆ ಸಬ್ಸಿಡಿ ಕೊಟ್ಟು ವರ್ಷ ವರ್ಷ ಕೊಡ್ತಾನೇ ಕೂತಿದ್ರು.

ಆದ್ರೆ ನಿಜ ಹೇಳ್ಬೇಕಂದ್ರೆ ಆ ಐವತ್ತು ರೂಪಾಯಿಗಿಂತ ದೊಡ್ಡ ಕೆಲಸ ಆಗಿದ್ದು ಮ್ಯಾನೇಜರ್‌ಗಳ ತಲೆಯಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾವೇ. ಎಮ್ಮೆ ಸಾಲ ಕೊಟ್ರೆ ಎಮ್ಮೆ ಕಣ್ಣಿಗೆ ಕಾಣುತ್ತೆ, ಹಾಲು ಹಾಕುತ್ತೆ, ಡೈರಿಯಿಂದ ಕಂತು ಹಿಡ್ಕೊಬಹುದು. ದೀಪ ಏನ್ ಹಾಕುತ್ತೆ? ಸೂರಿನ ಮೇಲಿರೋ ಪ್ಯಾನೆಲ್ಲನ್ನ ಜಪ್ತಿ ಮಾಡ್ತೀಯಾ? ಬ್ಯಾಟರಿ ಸತ್ತೋದ್ರೆ ಕಂತು ಕಟ್ತಾನಾ? ನಾನಿದ್ದ ಬ್ರಾಂಚಲ್ಲಿ (ಬ್ಯಾಂಕಿನ ಹೆಸರು ಬೇಡ) ಒಬ್ಬ ಮ್ಯಾನೇಜರ್ ಆರು ತಿಂಗಳು ಒಂದೂ ಸೋಲಾರ್ ಅರ್ಜಿಗೆ ಸಹಿ ಹಾಕಿರ್ಲಿಲ್ಲ. ಒಂದಿನ ಮಳೇಲಿ ಒಬ್ಬ ಅಡಿಕೆ ತೋಟದ ಹೆಂಗಸು ಬಂದು, ಕೌಂಟರ್ ಮೇಲೆ ಸೀಮೆಎಣ್ಣೆ ಬುಡ್ಡಿ ಇಟ್ಟು, ಅದರ ಗ್ಲಾಸು ಪೂರ್ತಿ ಮಸಿ, "ಇದರ ಹೊಗೆ ಕುಡ್ದು ಮಗ ಹತ್ತನೇ ಕ್ಲಾಸ್ ಓದ್ತಿದಾನೆ ಸ್ವಾಮಿ, ನಾನು ತಿಂಗಳು ತಿಂಗಳು ಕಟ್ಟಾಕಾಗಲ್ಲ, ಕೊಯ್ಲಾದ ಮೇಲೆ ಒಟ್ಟಿಗೆ ಕಟ್ತೀನಿ" ಅಂದ್ಲು. ಮ್ಯಾನೇಜರ್ ಆ ಬುಡ್ಡೀನ ನೋಡ್ತಾ ಕೂತ್ರು. ಅವತ್ತು ಮೊದಲ ಸಹಿ ಬಿತ್ತು. ವರ್ಷಕ್ಕೆ ಒಂದೇ ಕಂತು, ಅಡಿಕೆ ಮಾರಿದ ವಾರದಲ್ಲಿ. ಒಂದೂ ತಪ್ಪಿಸ್ಲಿಲ್ಲ ಆಯಮ್ಮ.

ಇದಕ್ಕೂ ಮುಂಚೆ ನೆಲ ಹದ ಮಾಡಿದ್ದು ಸೆಲ್ಕೋ ಅನ್ನೋದನ್ನ ಮರೀಬಾರ್ದು, 1995ರಲ್ಲಿ ಹರೀಶ್ ಹಂದೆ ಮತ್ತೆ ಅಮೆರಿಕದ ನೆವಿಲ್ ವಿಲಿಯಮ್ಸ್ ಶುರುಮಾಡಿದ ಬೆಂಗಳೂರು ಕಂಪನಿ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಬಂತು. ದೀಪ ಕೆಟ್ರೆ ಮನೆಗೇ ಬಂದು ರಿಪೇರಿ ಮಾಡೋ ಹುಡುಗ ಒಬ್ಬ ಹತ್ರದಲ್ಲಿದ್ದಾನೆ ಅನ್ನೋದೇ ನಮಗೆ ದೊಡ್ಡ ಜಾಮೀನಾಗಿತ್ತು. ಇದೇ ಯುಎನ್‌ಇಪಿಯೋರು 2005ರಲ್ಲಿ ಟುನೀಶಿಯಾ ದೇಶದಲ್ಲಿ ಇಟಲಿ ದುಡ್ಡು ಹಾಕಿ ಸೋಲಾರ್ ವಾಟರ್ ಹೀಟರ್‌ಗೆ ಇಂಥದ್ದೇ ಮಾಡಿದ್ರು, ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಲದ ಕಂತನ್ನ ಕರೆಂಟ್ ಬಿಲ್ಲಲ್ಲೇ ಸೇರಿಸಿಬಿಟ್ರು, ಕಟ್ಟದಿದ್ರೆ ಫ್ಯೂಸ್ ಕೀಳ್ತಾರೆ ಅನ್ನೋ ಭಯಕ್ಕೆ ಎಲ್ರೂ ಕಟ್ತಾರೆ, ಬ್ಯಾಂಕಿಗೂ ನೆಮ್ಮದಿ. ನಮ್ಮಲ್ಲಿ ಎಸ್ಕಾಂ ಮತ್ತೆ ಬ್ಯಾಂಕು ಒಂದೇ ಟೇಬಲ್ಲಿಗೆ ಬರೋದು ಅಂದ್ರೆ ಸೂರ್ಯ ಚಂದ್ರ ಒಂದಾದ ಹಾಗೆ.

ಪ್ರಶ್ನೆ: ಹೊರದೇಶದಲ್ಲಿ ಬಡ್ಡಿ ಎರಡು ಮೂರು ಪರ್ಸೆಂಟ್ ಅಂತೆ. ಅದೇ ದುಡ್ಡು ಇಲ್ಲಿ ಬಂದು ಸಣ್ಣ ಕೈಗಾರಿಕೆ ನಡೆಸೋ ನಮಗೆ ಸಿಗೋ ಹೊತ್ತಿಗೆ ಹತ್ತು ಹನ್ನೊಂದು ಆಗಿರುತ್ತೆ. ಮಧ್ಯದಲ್ಲಿ ಯಾರು ತಿಂದ್ರು? (ಮಂಗಳೂರು ಬೈಕಂಪಾಡಿಯಿಂದ)

ಉತ್ತರ: ತಿಂದೋರು ಇರ್ತಾರೆ, ಆದ್ರೆ ಇಲ್ಲಿ ದೊಡ್ಡ ಪಾಲು ತಿನ್ನೋದು ರೂಪಾಯಿ. ನೀವು ಮಂಗಳೂರಿನೋರು, ನಿಮಗೆ ಬೇಗ ಅರ್ಥ ಆಗುತ್ತೆ. ದುಬೈಯಲ್ಲಿರೋ ಅಣ್ಣ ದುಡ್ಡು ಕಳ್ಸೋವಾಗ ರೂಪಾಯಿ ಬಿದ್ರೆ ಮನೇಲಿ ಹಬ್ಬ ಅಲ್ವಾ, ಸಾಲ ತಗೊಂಡೋನಿಗೆ ಅದೇ ದಿನ ಸೂತಕ. 2013ರ ಶುರುವಲ್ಲಿ ಡಾಲರ್‌ಗೆ 55 ರೂಪಾಯಿ ಹತ್ರ ಇತ್ತು, 2023ರ ಕೊನೆಗೆ 83. ಒಂದು ಕೋಟಿ ಡಾಲರ್ ಸಾಲ ತಂದೋನು 55 ಕೋಟಿ ತಗೊಂಡು, ಅಸಲು ಮಾತ್ರಾನೇ 83 ಕೋಟಿ ಕೊಡ್ಬೇಕು. ಅವನು ಕರೆಂಟ್ ಮಾರೋದು ರೂಪಾಯಿಗೆ, ಅದೂ ಇಪ್ಪತ್ತೈದು ವರ್ಷಕ್ಕೆ ಮೊದಲೇ ಗೊತ್ತುಮಾಡಿದ ರೇಟಿಗೆ. ಈ ಅಪಾಯಕ್ಕೆ ಇನ್ಶೂರೆನ್ಸ್ ಥರ ಹೆಡ್ಜಿಂಗ್ ಅಂತ ಮಾಡಿಸ್ತಾರೆ, ಅದರ ಖರ್ಚು ಸೇರಿಸಿದ್ರೆ ಎರಡು ಮೂರು ಪರ್ಸೆಂಟಿನ ಸಾಲ ನಮ್ಮ ದೇಸೀ ಬಡ್ಡಿ ಹತ್ರಾನೇ ಬಂದು ನಿಲ್ಲುತ್ತೆ. ಅದರ ಮೇಲೆ ಮಧ್ಯದ ಸಂಸ್ಥೆಯ ಮಾರ್ಜಿನ್, ಕೊನೆಗೆ ಬ್ರಾಂಚಿನ ಮಾರ್ಜಿನ್.

ಇದು ನಮ್ಮೊಬ್ಬರ ಗೋಳಲ್ಲ, ಆಫ್ರಿಕಾದಲ್ಲಿ ಇನ್ನೂ ಕಷ್ಟ. ದೊಡ್ಡ ಸೋಲಾರ್ ಪ್ಲಾಂಟ್ ಹಾಕೋಕೆ ಬಂಡವಾಳದ ಖರ್ಚು ಶ್ರೀಮಂತ ದೇಶಕ್ಕಿಂತ ಬಡ ದೇಶದಲ್ಲಿ ಎರಡರಷ್ಟಕ್ಕೂ ಜಾಸ್ತಿ ಅಂತ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯೇ ಹೇಳುತ್ತೆ. ಬಿಸಿಲು ಅಲ್ಲಿ ಜಾಸ್ತಿ, ಬಡ್ಡೀನೂ ಅಲ್ಲೇ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದ್ರೆ, ಇವರು ಇನ್ನೂ ಒಂದಿಷ್ಟು ಡಾಲರ್ ಸಾಲ ಕೊಡ್ತೀವಿ ಅನ್ನೋ ಬದಲು ರೂಪಾಯಲ್ಲೇ ಸಾಲ ಕೊಟ್ಟು ಡಾಲರ್ ಏರಿದ್ರೆ ಆ ಏಟು ನಾವು ತಿಂತೀವಿ ಅಂದ್ರೆ ಅರ್ಧ ಕೆಲಸ ಆದ ಹಾಗೆ. ಅದನ್ನ ಮಾತ್ರ ಯಾರೂ ಅಷ್ಟು ಸುಲಭಕ್ಕೆ ಅನ್ನಲ್ಲ.

ಪ್ರಶ್ನೆ: ಎಲ್ಲ ಬರೀ ಸೋಲಾರ್ ಸೋಲಾರ್ ಅಂತೀರಿ. ಕರೆಂಟ್ ಉಳಿಸೋದಕ್ಕೆ ಯಾರೂ ದುಡ್ಡು ಕೊಡಲ್ವಾ? (ಮೈಸೂರಿನ ನಿವೃತ್ತ ಶಿಕ್ಷಕಿ)

ಉತ್ತರ: ಕೊಡ್ತಾರೆ ಮೇಡಂ, ಆದ್ರೆ ಉಳಿಸಿದ ಕರೆಂಟಿಗೆ ಟೇಪ್ ಕಟ್ ಮಾಡೋಕಾಗಲ್ಲ ನೋಡಿ, ಅದಕ್ಕೇ ಫೋಟೋ ಬರಲ್ಲ. ನಿಮಗೆ 2015ರ ಕೊನೇಲಿ ಬಂದ "ಹೊಸ ಬೆಳಕು" ನೆನಪಿದೆಯಾ, ಕರೆಂಟ್ ಬಿಲ್ ತೋರಿಸಿ ಕ್ಯೂ ನಿಂತು ನೂರು ರೂಪಾಯಿಗೆ ಎಲ್‌ಇಡಿ ಬಲ್ಬ್ ತಗೊಂಡಿದ್ದು? ಅದು ಕೇಂದ್ರದ ಉಜಾಲಾ ಯೋಜನೆ, ನಡೆಸಿದ್ದು ಇಇಎಸ್‌ಎಲ್ ಅನ್ನೋ ಸರ್ಕಾರಿ ಕಂಪನಿ. ಕೋಟಿಗಟ್ಟಲೆ ಬಲ್ಬ್ ಒಟ್ಟಿಗೇ ಟೆಂಡರ್ ಕರೆದಿದ್ದಕ್ಕೆ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರಲ್ಲಿ 38ಕ್ಕೆ ಬಿತ್ತು. ದೇಶದಲ್ಲಿ ಹಂಚಿದ್ದು 36 ಕೋಟಿಗೂ ಮೇಲೆ. 60 ವಾಟಿನ ಹಳೇ ಬುರುಡೆ ತೆಗೆದು 9 ವಾಟಿಂದು ಹಾಕಿ, ದಿನಕ್ಕೆ ಐದು ಗಂಟೆ ಉರಿಸಿದ್ರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತೆ, ಒಂದೇ ಬಲ್ಬಿಗೆ!

ಈ ಕಂಪನಿಗೆ ಎಡಿಬಿ 2016ರಲ್ಲಿ 20 ಕೋಟಿ ಡಾಲರ್ ಸಾಲ ಕೊಡ್ತು, ವಿಶ್ವಬ್ಯಾಂಕ್ 2018ರಲ್ಲಿ 22 ಕೋಟಿ ಸಾಲ ಮತ್ತೆ 8 ಕೋಟಿಯ ಗ್ಯಾರಂಟಿ. ದಿನಾಂಕ ಗಮನಿಸಿ, ಬಲ್ಬಿನ ರೇಟ್ ಬಿದ್ದು ಮಾರ್ಕೆಟ್ ಓಡ್ತಿದೆ ಅಂತ ಕಂಡ ಮೇಲೆ ದೊಡ್ಡ ಸಾಲ ಬಂದಿದ್ದು. ಬ್ಯಾಂಕಿನ ಜಾತಿ ಎಲ್ಲಾ ಕಡೆ ಒಂದೇ, ಮಳೆ ನಿಂತ ಮೇಲೆ ಕೊಡೆ ಕೊಡೋದು.

ಪ್ರಶ್ನೆ: ಹಿಂದೆ ನಮ್ಮ ಕಡೆ ಅಮೆರಿಕದೋರ ದುಡ್ಡಲ್ಲಿ ಹೊಸ ಪಂಪ್‌ಸೆಟ್ ಹಾಕ್ತೀವಿ ಅಂತ ಬಂದಿದ್ರು, ಅದು ಯಾಕೆ ಎಲ್ಲಾ ಕಡೆ ಹಬ್ಬಲಿಲ್ಲ? (ದೊಡ್ಡಬಳ್ಳಾಪುರ)

ಉತ್ತರ: ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಬೆಂಬಲದಲ್ಲಿ ಬೆಸ್ಕಾಂ ಜೊತೆ ಮಾಡಿದ ಪ್ರಯೋಗ ಅದು. ಹಳೇ ಮೋಟ್ರು ತೆಗೆದು ಕಮ್ಮಿ ಕರೆಂಟ್ ಎಳೆಯೋದು ಹಾಕೋದು, ಉಳಿದ ಕರೆಂಟಿನ ದುಡ್ಡಲ್ಲಿ ಮೋಟ್ರಿನ ಖರ್ಚು ತೀರಿಸೋದು. ಕಾಗದದಲ್ಲಿ ಬಂಗಾರ. ಆದ್ರೆ 10 ಎಚ್‌ಪಿ ತನಕ ನಮ್ಮಲ್ಲಿ ಕರೆಂಟೇ ಫ್ರೀ, ಉಳಿಸಿದ್ರೆ ಲಾಭ ಸರ್ಕಾರಕ್ಕೆ, ರೈತನಿಗೆ ಏನು? ಅವನಿಗೆ ಬೇಕಿರೋದು ನಿಂತು ನಡೆಯೋ ಮೋಟ್ರು. ವೋಲ್ಟೇಜ್ ಬಿದ್ದಾಗ ನಾಜೂಕಿನ ಮೋಟ್ರು ಸುಟ್ಟೋಗುತ್ತೆ, ವೈಂಡಿಂಗ್ ಅಂಗಡಿಯವನು ಸುತ್ತಿ ಕೊಟ್ಟ ಹಳೇದು ಜಾಸ್ತಿ ಕರೆಂಟ್ ತಿಂದ್ರೂ ಹೇಗೋ ತಡ್ಕೊಳ್ಳುತ್ತೆ ಅನ್ನೋದು ಅವನ ಅನುಭವ. ಅದು ಬಿಟ್ಟು ಬೋರ್‌ವೆಲ್ ಒಣಗ್ತಾ ಇರೋ ಊರಲ್ಲಿ ಒಂದೇ ಮೋಟ್ರನ್ನ ಎಷ್ಟು ಆಳಕ್ಕೆ ಅಂತ ಇಳಿಸ್ತೀರಿ. ಯುಎಸ್‌ಏಡ್ ಅನ್ನೋ ಸಂಸ್ಥೇನೂ 2025ರಲ್ಲಿ ಬಾಗಿಲು ಹಾಕ್ತು.

ಪ್ರಶ್ನೆ: ನಮ್ಮ ತಾತನ ಮನೇಲಿ ಒಂದು ಗೋಬರ್ ಗ್ಯಾಸ್ ಇದೆ, ಅದು "ಕಾರ್ಬನ್ ದುಡ್ಡಿಂದ" ಕಟ್ಟಿದ್ದು ಅಂತಾರೆ. ಹೊಗೆಗೆ ಯಾರಾದ್ರೂ ದುಡ್ಡು ಕೊಡ್ತಾರಾ? (ಬಾಗೇಪಲ್ಲಿ ಮೂಲದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಹೊಗೆಗಲ್ಲಮ್ಮ, ಬಿಡದೇ ಇದ್ದ ಹೊಗೆಗೆ! ಕ್ಯೋಟೋ ಒಪ್ಪಂದ ಅಂತ ಒಂದು 2005ರಲ್ಲಿ ಜಾರಿಗೆ ಬಂತು. ಶ್ರೀಮಂತ ದೇಶದ ಕಾರ್ಖಾನೆ ತನ್ನ ಹೊಗೆ ಕಮ್ಮಿ ಮಾಡೋಕಾಗದಿದ್ರೆ ಬಡ ದೇಶದಲ್ಲಿ ಹೊಗೆ ಕಮ್ಮಿ ಮಾಡಿದವರಿಂದ ಅದರ ಸರ್ಟಿಫಿಕೇಟ್ ಕೊಂಡ್ಕೊಬಹುದು ಅಂತ ಅದರಲ್ಲಿ ದಾರಿ ಇತ್ತು. ಬಾಗೇಪಲ್ಲಿ ಕೂಲಿ ಸಂಘದ ಬಯೋಗ್ಯಾಸ್ ಯೋಜನೆ ಅದೇ ವರ್ಷದ ಡಿಸೆಂಬರಲ್ಲೇ ನೋಂದಣಿ ಆಯ್ತು, ಆಗಿನ ಕೋಲಾರ ಜಿಲ್ಲೇಲಿ 5,500 ಮನೆಗೆ. ಸೌದೆ, ಸೀಮೆಎಣ್ಣೆ ಬದಲು ಮನೆಯ ಎರಡು ಮೂರು ದನದ ಸಗಣಿ. ಸರ್ಟಿಫಿಕೇಟ್ ಮುಂಗಡ ಮಾರಿದ ದುಡ್ಡಲ್ಲಿ ಕಟ್ಟಿದ್ದು, ನೆಲ್ಲು ಬೆಳೆಯೋ ಮುಂಚೆ ಸಾಹುಕಾರನ ಹತ್ರ ಮುಂಗಡ ತಗೊಂಡ ಹಾಗೆ, ಇಲ್ಲಿ ಸಾಹುಕಾರ ಯುರೋಪಲ್ಲಿದ್ದ ಅಷ್ಟೇ. ದೊಡ್ಡ ದೊಡ್ಡ ಗಾಳಿ ವಿದ್ಯುತ್ ಕಂಪನಿಗಳ ಮಧ್ಯೆ ಕೂಲಿಯವರ ಅಡುಗೆಮನೆ ಆ ಲಿಸ್ಟಲ್ಲಿ ಕೂತಿತ್ತು ಅನ್ನೋದು ನನಗೆ ಈಗ್ಲೂ ಸೋಜಿಗ.

ಆಮೇಲೆ ಮಾರ್ಕೆಟ್ ಬಿದ್ದೋಯ್ತು. 2008ರಲ್ಲಿ ಟನ್ನಿಗೆ ಇಪ್ಪತ್ತು ಯುರೋ ದಾಟಿದ್ದ ಸರ್ಟಿಫಿಕೇಟು 2012ರ ಕೊನೆಗೆ ಒಂದು ಯುರೋಗಿಂತ ಕೆಳಗೆ. ಕೋಲಾರದ ಟೊಮ್ಯಾಟೊ ರೇಟ್ ನೋಡಿರೋರಿಗೆ ಇದೇನು ಹೊಸದಲ್ಲ ಬಿಡು. ತಾತನಿಗೆ ಕೇಳಿ ನೋಡು, ಆ ಗ್ಯಾಸ್ ಇನ್ನೂ ಉರಿಯುತ್ತಾ, ಇಲ್ಲ ದನ ಮಾರಿ ಸಿಲಿಂಡರ್ ತಂದ್ರಾ ಅಂತ. ನನಗೆ ಬರೆದು ತಿಳಿಸು.

ಪ್ರಶ್ನೆ: 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳಿಗೆ ಅಂತ 300 ಬಿಲಿಯನ್ ಡಾಲರ್ ಒಪ್ಪಿದ್ರಲ್ಲ, ಭಾರತ ಯಾಕೆ ಸಿಟ್ಟು ಮಾಡ್ತು? (ಧಾರವಾಡ)

ಉತ್ತರ: ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಟ್ರಿಲಿಯನ್, ಅಂದ್ರೆ 1,300 ಬಿಲಿಯನ್, ಒಪ್ಪಿದ್ದು 300 ಬಿಲಿಯನ್, ಅದೂ 2035ರ ಹೊತ್ತಿಗೆ, ಅದೂ ಸಾಲ, ಖಾಸಗಿ ಬಂಡವಾಳ ಎಲ್ಲ ಸೇರಿಸಿ. ಭಾರತದ ಪ್ರತಿನಿಧಿ ಚಾಂದನಿ ರೈನಾ ಅದನ್ನ ಕಣ್ಕಟ್ಟು ಅಂತಾನೇ ಕರೆದ್ರು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ 2020ಕ್ಕೆ ವರ್ಷಕ್ಕೆ 100 ಬಿಲಿಯನ್ ಅಂತ ಮಾತು ಕೊಟ್ಟೋರು ಅದನ್ನ ಮುಟ್ಟಿಸಿದ್ದು 2022ರಲ್ಲಿ. ದಕ್ಷಿಣ ಆಫ್ರಿಕಾಗೆ ಕಲ್ಲಿದ್ದಲು ಬಿಡೋಕೆ ಅಂತ 2021ರಲ್ಲಿ 8.5 ಬಿಲಿಯನ್ ಕೊಡ್ತೀವಿ ಅಂದ ಗುಂಪಿಂದ ಅಮೆರಿಕ 2025ರಲ್ಲಿ ಎದ್ದೇ ಹೋಯ್ತು. ಎರಡು ಸಲ ಕಂತು ತಪ್ಪಿಸಿದೋನು ಮೂರನೇ ಸಲ ದೊಡ್ಡ ಮೊತ್ತ ಹೇಳ್ಕೊಂಡು ಬಂದ್ರೆ ನಾವು ಬ್ಯಾಂಕಲ್ಲಿ ಏನ್ ಮಾಡ್ತಿದ್ವಿ ಹೇಳಿ.

ಪ್ರಶ್ನೆ: ಗೃಹಜ್ಯೋತಿಲಿ ಬಿಲ್ ಸೊನ್ನೆ ಬರ್ತಿದೆ. ಮನೆ ಮೇಲೆ ಸೋಲಾರ್ ಹಾಕಿಸ್ಲಾ? (ಹಾಸನ)

ಉತ್ತರ: ಸೊನ್ನೆ ಬಿಲ್ ಬರೋ ಮನೆಗೆ ಸದ್ಯಕ್ಕೆ ಲಾಭ ಕಮ್ಮಿ. ತಿಂಗಳಿಗೆ 200 ಯೂನಿಟ್ ದಾಟ್ತಿದ್ರೆ ಮಾತ್ರ ಪಿಎಂ ಸೂರ್ಯಘರ್ ನೋಡಿ, 3 ಕಿಲೋವಾಟ್‌ಗೆ 78,000 ಸಬ್ಸಿಡಿ, ಆ ದುಡ್ಡು ಕೇಂದ್ರ ಬಜೆಟ್ಟಿಂದ ಬರೋದು.

ಪ್ರಶ್ನೆ: ವಾಟ್ಸಾಪಲ್ಲಿ ಒಂದು ಮೆಸೇಜ್ ಬಂದಿದೆ ಸಾರ್, "ಗ್ರೀನ್ ಕ್ಲೈಮೇಟ್ ಫಂಡ್‌ನಿಂದ 1% ಬಡ್ಡಿಗೆ 10 ಲಕ್ಷ ಸೋಲಾರ್ ಸಾಲ, ಪ್ರೋಸೆಸಿಂಗ್ ಫೀಸ್ 4,999 ಮಾತ್ರ". ವಿಶ್ವಸಂಸ್ಥೆ ಲೋಗೋನೂ ಇದೆ. ಕಟ್ಲಾ? (ರಾಯಚೂರು)

ಉತ್ತರ: ಕಟ್ಬೇಡಿ ಕಟ್ಬೇಡಿ ಕಟ್ಬೇಡಿ. ಗ್ರೀನ್ ಕ್ಲೈಮೇಟ್ ಫಂಡ್ ಅನ್ನೋದು ನಿಜವಾಗ್ಲೂ ಇದೆ, ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿ ಅದರ ಆಫೀಸು, ಆದ್ರೆ ಅದು ಯಾವತ್ತೂ ನಿಮ್ಮ ನನ್ನಂಥವರಿಗೆ ನೇರವಾಗಿ ಸಾಲ ಕೊಡಲ್ಲ. ಅದು ಮಾನ್ಯತೆ ಕೊಟ್ಟಿರೋ ಸಂಸ್ಥೆಗಳ ಮೂಲಕ ಮಾತ್ರ, ನಮ್ಮಲ್ಲಿ ನಬಾರ್ಡ್, ಸಿಡ್ಬಿ ಥರದವು, ಅವರೂ ವಾಟ್ಸಾಪಲ್ಲಿ ಗಿರಾಕಿ ಹುಡುಕಲ್ಲ. ಸಾಲ ಮಂಜೂರಾಗೋ ಮುಂಚೆ ಯುಪಿಐಲಿ ಫೀಸ್ ಹಾಕಿ ಅಂದ್ರೆ ಅಲ್ಲೇ ಬ್ಲಾಕ್ ಮಾಡಿ. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರೋ ಹೊತ್ತಿಗೆ ಆಗ್ಲೇ ಕಟ್ಟಿಬಿಟ್ಟಿದ್ರೆ ನನಗೆ ಇನ್ನೊಂದು ಪತ್ರ ಬರೀತಾ ಕೂರ್ಬೇಡಿ, 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿ ಇಟ್ಕೊಂಡು.